ಜಲತೀರದ ಮನೆಯೂ ಗೃಹಸ್ಥನ ಕಾಯಕವೂ



ಗೃಹಸ್ಥನ ಮನೆಯು ಎಲ್ಲಿರಬೇಕು? ಈ ಪ್ರಶ್ನೆಯು ನೋಡುವುದಕ್ಕೆ ಕೇವಲ ಲೌಕಿಕವಾಗಿ ತೋರುವುದು. ನಿವೇಶನದ ದಲ್ಲಾಳಿಯನ್ನು ಕೇಳತಕ್ಕ ಮಾತನ್ನು ಧರ್ಮಪತ್ರಿಕೆಯಲ್ಲಿ ವಿಚಾರಿಸುವುದೇತಕ್ಕೆಂದು ವಾಚಕರು ಆಕ್ಷೇಪಿಸಬಹುದು. ಆದರೆ ನಮ್ಮ ಶರಣರು ಲೌಕಿಕಕ್ಕೊಂದು, ಪಾರಮಾರ್ಥಿಕಕ್ಕೊಂದು ಎಂದು ಎರಡು ಮನೆಗಳನ್ನು ಕಟ್ಟಿದವರಲ್ಲ. ನೂಲುವುದು, ನೇಯುವುದು, ದೋಣಿ ನಡೆಸುವುದು, ಬಟ್ಟೆ ಒಗೆಯುವುದು ಇವೆಲ್ಲವೂ ಲಿಂಗಾರ್ಪಿತವಾಗಬಲ್ಲವೆಂದು ತೋರಿಸಿದ ಪರಂಪರೆಯಲ್ಲಿ, ಮನೆ ಹುಡುಕುವ ಕಾರ್ಯವು ಮಾತ್ರ ಧರ್ಮವಿಚಾರಕ್ಕೆ ಹೊರಗಾದುದೆಂದು ಹೇಳಲಾಗದು. ಹಾಗೆ ಹೇಳಿ ತಪ್ಪಿದವರಲ್ಲಿ ಈ ಲೇಖಕನೂ ಒಬ್ಬನು. ಆ ತಪ್ಪಿನಿಂದಲೇ ಈ ಲೇಖನವು ಹುಟ್ಟಿತು.

ನನ್ನಲ್ಲಿ ಓದಿದ ಶಿಷ್ಯನೊಬ್ಬನು ಈಗ ದಾವಣಗೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾನೆ. ಅವನು ಒಂದು ದಿನ ತಾಯಿಯೊಡನೆ ಮಠಕ್ಕೆ ಬಂದು, ಗದ್ದುಗೆಗೆ ನಮಸ್ಕರಿಸಿ, ನನ್ನ ಬಳಿ ಕುಳಿತು ಹೀಗೆಂದನು: "ಗುರುಗಳೇ, ಹೊಳೆಯೋ ಕೆರೆಯೋ ಕಾಣುವ ಕಡೆ ಒಂದು ಮನೆ ಮಾಡಬೇಕೆಂದಿದ್ದೇನೆ. ದಿನಾ ಕಚೇರಿಗೆ ಹೋಗಿ ಬರುವಷ್ಟು ದೂರದಲ್ಲಿರಬೇಕು. ಹೊನ್ನಾಳಿಯಲ್ಲಿ ಒಂದು ಜಾಗ, ಸೂಳೆಕೆರೆಯ ಕಡೆ ಒಂದು ಜಾಗ ನೋಡಿದ್ದೇನೆ. ತಮ್ಮ ಅಭಿಪ್ರಾಯವೇನು?"

ಪಾಠ ಹೇಳುವವನಿಗೆ ಉತ್ತರವು ನಾಲಿಗೆಯ ತುದಿಯಲ್ಲೇ ಇರುವುದು. ನಾನು ಒಡನೆಯೇ ಆಶೆಯ ದೋಷವನ್ನೂ, ಮಣ್ಣಿನ ವ್ಯಾಮೋಹವನ್ನೂ ವಿಸ್ತರಿಸಿದೆನು. ಅಷ್ಟಾವರಣಗಳಲ್ಲಿ ಪಾದೋದಕವುಳ್ಳ ಭಕ್ತನಿಗೆ ಹೊಳೆಯ ಹಂಗೇಕೆ, ನದಿಯಲ್ಲಿ ಮುಳುಗಿದ ಮಾತ್ರಕ್ಕೆ ಪಾಪವು ಹೋಗುವುದೆಂಬ ನಂಬಿಕೆಯನ್ನು ಶರಣರು ಒಪ್ಪಲಿಲ್ಲವಲ್ಲ ಎಂದು ಕೇಳಿದೆನು. ಶಿಷ್ಯನು ತಲೆತಗ್ಗಿಸಿದನು. ಅಲ್ಲಿಯವರೆಗೆ ಮೌನವಾಗಿದ್ದ ತಾಯಿಯು ಸೆರಗು ಸರಿಮಾಡಿಕೊಂಡು ಮೆಲ್ಲನೆ ಹೇಳಿದಳು:

"ಪುಣ್ಯಕ್ಕಲ್ಲ ಮೇಷ್ಟ್ರೇ. ಮದುವೆಯಾಗಿ ಜಗಳೂರ ಸೀಮೆಗೆ ಬಂದಾಗಿಂದ ನಲವತ್ತು ವರ್ಷ ನೀರು ಹೊತ್ತೀನಿ. ಯಾರೂ ಹೊರದೇನೆ ನೀರು ತಾನಾಗೇ ಹೋಗೋದನ್ನ ಕುಂತು ನೋಡಬೇಕು ಅನ್ನಿಸ್ತೈತಿ. ಅಷ್ಟೇ."

ನನ್ನ ಮಾತು ಅಲ್ಲಿಗೆ ನಿಂತಿತು. ಆ ತಾಯಿಯು ಹುಟ್ಟಿದ್ದು ನ್ಯಾಮತಿಯ ಕಡೆಯ ಹೊಳೆಯಂಚಿನ ಊರಿನಲ್ಲಿ, ಬಾಳಿದ್ದು ಜಗಳೂರಿನಲ್ಲಿ. ಒಂದೇ ಜಿಲ್ಲೆಯೊಳಗಿನ ಈ ಎರಡು ತಾಲೂಕುಗಳ ಅಂತರವನ್ನು ಅವಳ ತಲೆಯ ಸಿಂಬಿಯು ಅಳೆದಿತ್ತು. ಅವಳ ಬಯಕೆಯನ್ನು ತಿಳಿಯದೆ, ಅದರ ಹೆಸರನ್ನು ಮಾತ್ರ ಕೇಳಿ ನಾನು ತೀರ್ಪು ಕೊಟ್ಟಿದ್ದೆನು. ಐದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ನಾನು ಎಷ್ಟು ವರ್ಷಗಳಿಂದ ಮಕ್ಕಳಿಗೆ ಬೋಧಿಸಿದ್ದೇನೆ! ಅಂದು ಅಗತ್ಯಕ್ಕಿಂತ ಹೆಚ್ಚು ಮಾತನ್ನು ತಂದು ಸುರಿದವನು ನಾನೇ. ಹಿಂದಕ್ಕೆ ಕಳುಹಿಸಿದವಳು ಆ ತಾಯಿ. ಆದುದರಿಂದ ಈ ಪ್ರಶ್ನೆಯನ್ನು ಮೊದಲಿನಿಂದ ವಿಚಾರಿಸುವುದು ನನ್ನ ಕರ್ತವ್ಯವಾಯಿತು.

ಮೊದಲನೆಯದಾಗಿ, ನೀರಿನ ಸಮೀಪದಲ್ಲಿ ವಾಸಿಸಬೇಕೆಂಬ ಬಯಕೆಯು ತನ್ನಷ್ಟಕ್ಕೆ ತಾನೇ ದೋಷವೇ? ಜೀವಮಾತ್ರಕ್ಕೆ ಸಹಜವಾದುದನ್ನು ದೋಷವೆನ್ನುವುದು ಯುಕ್ತವಲ್ಲ. ಜಗಳೂರು ತಾಲೂಕಿನಲ್ಲಿಯೇ ರಂಗಯ್ಯನದುರ್ಗದ ಕಾಡಿದೆ. ನಾಲ್ಕು ಕೊಂಬಿನ ಕೊಂಡುಕುರಿಯೆಂಬ ಸಾಧುಪ್ರಾಣಿಗೆ ಅದು ರಕ್ಷಿತಧಾಮವಾಗಿದೆ. ಈ ಪ್ರಾಣಿಯು ಬಹುಕಾಲ ನೀರು ಕುಡಿಯದೆ ಇರಲಾರದು; ಆದುದರಿಂದ ಒಣಕಾಡಿನಲ್ಲಿದ್ದರೂ ನೀರಿನ ಆಸರೆಯನ್ನು ಬಿಟ್ಟು ದೂರ ಹೋಗದು. ಪಶುವಿಗೆ ಆಶೆಯ ಉಪದೇಶವನ್ನು ಯಾರೂ ಮಾಡರು. ನಮ್ಮ ಹಿರಿಯರ ಊರುಗಳೂ ಹಾಗೆಯೇ ಹುಟ್ಟಿದುವು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹರಿದು ಬರುವ ದಾರಿಯಲ್ಲಿ ಹೊನ್ನಾಳಿಯಿದೆ, ಹರಿಹರವಿದೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲೂಕಾದ ನ್ಯಾಮತಿಯ ಸೀಮೆಯಲ್ಲಿ, ಬೆಳಗುತ್ತಿಯ ಬಳಿಯ ಬೆಟ್ಟದ ಮೇಲೆ, ಬತ್ತದ ಒರತೆಯಿರುವ ಕಡೆಯೇ ತೀರ್ಥರಾಮೇಶ್ವರವು ಪ್ರಸಿದ್ಧವಾಯಿತು. ನೀರಿದ್ದಲ್ಲಿ ಊರು, ಊರಿದ್ದಲ್ಲಿ ಗುಡಿಯೂ ಮಠವೂ ಸಂತೆಯೂ ಆದುವು.

ಅಲ್ಲಮಪ್ರಭುಗಳು ಮಾಯೆಯನ್ನು ವಿವರಿಸುವಾಗ ದೋಷವನ್ನು ವಸ್ತುವಿನಲ್ಲಿ ಕಾಣಲಿಲ್ಲ. ವಸ್ತುವಿನ ಕಡೆಗೆ ಅಳತೆಯಿಲ್ಲದೆ ಚಾಚುವ ಚಿತ್ತದಲ್ಲಿ ಕಂಡರು. ಹಾಗಾದರೆ ಕೇಳತಕ್ಕ ಪ್ರಶ್ನೆಯು "ನೀರಿನ ಬಳಿಯ ಮನೆಯು ಬೇಕೇ ಬೇಡವೇ" ಎಂಬುದಲ್ಲ. ಆ ಬಯಕೆಗೆ ಅಳತೆಯು ಯಾವುದು ಎಂಬುದೇ ಪ್ರಶ್ನೆ. ಶರಣರ ನಡೆಯಿಂದ ಅಂತಹ ಮೂರು ಅಳತೆಗಳು ನನಗೆ ದೊರೆತಿವೆ: ಕಾಯಕದ ಅಳತೆ, ಪರಸ್ವದ ಅಳತೆ, ದಾಸೋಹದ ಅಳತೆ.

ಕಾಯಕದ ಅಳತೆಯನ್ನು ಮೊದಲು ನೋಡೋಣ. ಹನ್ನೆರಡನೆಯ ಶತಮಾನದ ಶರಣರಲ್ಲಿ ನೀರಿನ ದಡದಲ್ಲಿ ಬಾಳಿದವರು ಹಲವರು. ಅಂಬಿಗರ ಚೌಡಯ್ಯನವರು ದೋಣಿಯ ಕಾಯಕದವರು. ಅವರ ಹೆಸರನ್ನು ಹೊತ್ತ ಚೌಡಯ್ಯದಾನಪುರವು ರಾಣೇಬೆನ್ನೂರು ತಾಲೂಕಿನಲ್ಲಿ, ನಮ್ಮ ಹೊನ್ನಾಳಿಯ ಮುಂದೆ ಹರಿದುಹೋಗುವ ತುಂಗಭದ್ರೆಯ ದಡದಲ್ಲಿಯೇ ಇಂದಿಗೂ ಇದೆ. ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡುವವರು. ನುಲಿಯ ಚಂದಯ್ಯನವರು ಕೆರೆಯಂಚಿನ ಹುಲ್ಲನ್ನು ಕೊಯ್ದು ಹಗ್ಗ ಹೊಸೆಯುವವರು. ಇವರಾರೂ ನೀರನ್ನು ನೋಡುವುದಕ್ಕಾಗಿ ದಡಕ್ಕೆ ಹೋದವರಲ್ಲ. ಕಾಯಕವು ಅಲ್ಲಿದ್ದುದರಿಂದ ಅಲ್ಲಿದ್ದವರು. ಅವರಿಗೆ ಮನೆಗೂ ಕಾಯಕಕ್ಕೂ ನಡುವೆ ದಾರಿಯೇ ಇರಲಿಲ್ಲ.

ಚಂದಯ್ಯನವರ ಪ್ರಸಂಗವನ್ನು ವಾಚಕರು ಬಲ್ಲರು. ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದಿತು. ಅವರು ಕೈಯ ಕೆಲಸವನ್ನು ಬಿಡಲಿಲ್ಲ. ಲಿಂಗವೇ ಅವರ ಬೆನ್ನುಹತ್ತಿ ಬಂದಿತು ಎಂದು ಕಥೆಯು ಹೇಳುವುದು. ಇದರಿಂದ ಲಿಂಗವನ್ನು ಅಲಕ್ಷಿಸಬಹುದೆಂಬ ಅರ್ಥವನ್ನು ಯಾರೂ ತೆಗೆಯಲಾಗದು. ಜಂಗಮದಾಸೋಹಕ್ಕಾಗಿ ನಡೆಯುವ ಕಾಯಕವೂ ಲಿಂಗಪೂಜೆಯೇ ಆದುದರಿಂದ, ಅದನ್ನು ನಡುವೆ ತುಂಡರಿಸುವುದು ಪೂಜೆಯನ್ನು ತುಂಡರಿಸಿದಂತೆ ಎಂಬುದು ಅದರ ಭಾವ. ಈ ಚಂದಯ್ಯನವರು ಕಡೆಗಾಲದಲ್ಲಿ ನೆಲೆಸಿದ್ದು ಚನ್ನಗಿರಿಗೆ ನೆರೆಯ ಹೊಳಲ್ಕೆರೆ ತಾಲೂಕಿನ ನುಲೇನೂರಿನಲ್ಲಿ ಎಂದು ಪ್ರತೀತಿಯಿದೆ. ನಮ್ಮ ನೆರೆಯವರೇ ಆದ ಈ ಶರಣರನ್ನು ನಮ್ಮ ಶಿಷ್ಯನ ಪ್ರಶ್ನೆಗೆ ಸಾಕ್ಷಿಯಾಗಿ ಕರೆಯೋಣ.

ಲಿಂಗವು ನೀರಿಗೆ ಬಿದ್ದರೂ ಕಾಯಕವನ್ನು ನಿಲ್ಲಿಸದವರು ಅವರು. ನಾವಾದರೋ ನೀರನ್ನು ನೋಡುವುದಕ್ಕಾಗಿ ಕಾಯಕದ ಕಾಲವನ್ನು ಎಷ್ಟು ತುಂಡರಿಸಬಹುದು? ಶಿಷ್ಯನ ಕೈಯಲ್ಲಿಯೇ ಲೆಕ್ಕ ಹಾಕಿಸಿದೆನು. ಹೊನ್ನಾಳಿಯ ಮನೆಯಿಂದ ದಾವಣಗೆರೆಯ ಕಚೇರಿಗೆ, ಬಸ್ಸಿಗೆ ಕಾಯುವುದೂ ಸೇರಿ, ಒಂದು ಹೊತ್ತಿಗೆ ಒಂದೂಕಾಲು ಗಂಟೆಗೆ ಕಡಿಮೆಯಿಲ್ಲವೆಂದು ಅವನು ತಾನೇ ಹೋಗಿ ಬಂದು ಕಂಡಿದ್ದನು. ದಿನಕ್ಕೆ ಎರಡೂವರೆ ಗಂಟೆ. ವರ್ಷದಲ್ಲಿ 280 ದಿನ ಹೋಗಿ ಬಂದರೆ 700 ಗಂಟೆ. ಅಂದರೆ ಸುಮಾರು 29 ಅಹೋರಾತ್ರಿ. ವರ್ಷಕ್ಕೊಂದು ತಿಂಗಳು ದಾರಿಯ ಪಾಲು! ಮುಂಜಾನೆಯ ಲಿಂಗಪೂಜೆಯು ಬಸ್ಸಿನ ವೇಳೆಗೆ ಅಂಜಿ ಮೊಟಕಾಗುವುದು; ಮಗುವು ನಿದ್ರೆಹೋದ ಮೇಲೆ ತಂದೆಯು ಮನೆ ಸೇರುವನು; ಹೊಳೆಯ ದಡದಲ್ಲಿ ಮನೆ ಮಾಡಿದವನು ಹೊಳೆಯನ್ನು ಭಾನುವಾರ ಮಾತ್ರ ಬೆಳಕಿನಲ್ಲಿ ಕಾಣುವನು. ಇಂತಹ ಮನೆಯಲ್ಲಿ ವಾಸಿಸುವವರು ಯಾರೆಂದು ಕೇಳಿದರೆ, ಗೋಡೆಗಳು ಮಾತ್ರವೆಂದು ಹೇಳಬೇಕಾಗುವುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. "ಬಸವಣ್ಣನವರೂ ಕಾಯಕಕ್ಕಾಗಿ ದೂರ ಹೋಗಲಿಲ್ಲವೇ?" ಹೌದು, ಹೋದರು. ಆದರೆ ಹೇಗೆ ಹೋದರೆಂಬುದನ್ನು ವಿಚಾರಿಸಬೇಕು. ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮವು ಅವರ ವಿದ್ಯಾಭೂಮಿ. ಅಂತಹ ಜಲತೀರವು ಯಾರ ಮನಸ್ಸನ್ನು ಸೆಳೆಯದು? ಆದರೂ ಬಿಜ್ಜಳನ ಕರಣಿಕರಾಗಿ ಮಂಗಳವಾಡಕ್ಕೂ, ಅಲ್ಲಿಂದ ಕಲ್ಯಾಣಕ್ಕೂ ಹೋದಾಗ ಅವರು ಕಾಯಕವಿದ್ದಲ್ಲಿಯೇ ಮನೆ ಮಾಡಿದರು. ಆ ಮನೆಯು ಮಹಾಮನೆಯಾಯಿತು. ಸಂಗಮದ ದಡವನ್ನು ಬಿಟ್ಟು ಬಂದರು. ಸಂಗಮನಾಥನ ಹೆಸರನ್ನು ಅಂಕಿತದಲ್ಲಿ ಹೊತ್ತು ತಂದರು. ಒಂದು ವೇಳೆ ದಡವನ್ನು ಬಿಡಲಾರದೆ ಉಳಿದಿದ್ದರೆ ಕಲ್ಯಾಣದ ಕಥೆಯೇ ಬೇರೆಯಾಗುತ್ತಿತ್ತು. ಆದುದರಿಂದ ಮೊದಲನೆಯ ಅಳತೆಯು ಇದು: ಮನೆಯು ಕಾಯಕದ ಕಾಲವನ್ನು ಕದಿಯಬಾರದು, ಮನೆಯವರ ಜೊತೆಯ ಕಾಲವನ್ನೂ ಕದಿಯಬಾರದು.

ಎರಡನೆಯದು ಪರಸ್ವದ ಅಳತೆ. ಪರರ ಸ್ವತ್ತನ್ನು ಮುಟ್ಟಬಾರದೆಂಬುದು ಭಕ್ತನ ಪ್ರಥಮ ನಿಯಮ. ಇಲ್ಲಿ ಪರರೆಂದರೆ ಮನುಷ್ಯರು ಮಾತ್ರವೇ? ಹೊಳೆಗೂ ಕೆರೆಗೂ ತಮ್ಮದೆಂಬ ನೆಲವಿಲ್ಲವೇ?

ಶಿಷ್ಯನು ಹೊನ್ನಾಳಿಯಲ್ಲಿ ನೋಡಿದ್ದ ನಿವೇಶನವನ್ನು ನೋಡಲು ನಾನೂ ಹೋಗಿದ್ದೆನು. ಚಳಿಗಾಲ ಕಳೆಯುತ್ತಿದ್ದ ದಿನಗಳು. ತುಂಗಭದ್ರೆಯು ಬಂಡೆಗಳ ನಡುವೆ ತಿಳಿಯಾಗಿ, ಸೌಮ್ಯವಾಗಿ ಹರಿಯುತ್ತಿದ್ದಳು. ಬೆಲೆಯೂ ಕಡಿಮೆ. "ಮಳೆಗಾಲದಲ್ಲಿ ಒಂದೆರಡು ದಿನ ಅಂಗಳಕ್ಕೆ ನೀರು ಬಂದರೆ ಬಂದೀತು" ಎಂದು ಮಾರುವವನು ನಕ್ಕನು. ಪಕ್ಕದ ಮನೆಯ ಮುದುಕನು ಮಾತನಾಡದೆ ನಮ್ಮನ್ನು ಒಳಗೆ ಕರೆದೊಯ್ದು ಗೋಡೆಯನ್ನು ತೋರಿಸಿದನು. ಸೊಂಟದೆತ್ತರದಲ್ಲಿ ಒಂದು ಕಂದುಗೆರೆ. 2019ರ ಆಗಸ್ಟ್ ತಿಂಗಳಲ್ಲಿ ಮಲೆನಾಡಿನ ಮಳೆಗೆ ಹೊಳೆಯು ಉಕ್ಕಿ, ಹೊನ್ನಾಳಿಯ ತಗ್ಗಿನ ಬೀದಿಗಳಿಗೆ ನುಗ್ಗಿದಾಗ ಉಳಿದ ಗುರುತು ಅದು. ಸುಣ್ಣ ಬಳಿದರೂ ಮತ್ತೆ ಕಾಣಿಸಿಕೊಳ್ಳುವುದೆಂದು ಆತನು ಹೇಳಿದನು.

ಆ ಗೆರೆಯನ್ನು ನೋಡಿ ನನಗೆ ತೋರಿದ್ದು ಇಷ್ಟು. ನಾವು ಹೊಳೆಯ ಅಗಲವನ್ನು ಬೇಸಗೆಯಲ್ಲಿ ಅಳೆಯುತ್ತೇವೆ. ಹೊಳೆಯು ತನ್ನ ಅಗಲವನ್ನು ಆಷಾಢ ಶ್ರಾವಣಗಳಲ್ಲಿ ಅಳೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಬಂದರೂ ಅದು ತನ್ನ ನೆಲಕ್ಕೇ ಬರುತ್ತದೆ. "ಮನೆಗೆ ನೀರು ನುಗ್ಗಿತು" ಎಂದು ನಾವು ಹೇಳುತ್ತೇವೆ. ನೀರಿಗೆ ಮಾತು ಬರುವುದಾಗಿದ್ದರೆ "ನನ್ನ ಹಾಸಿಗೆಗೆ ಮನೆಯು ನುಗ್ಗಿತು" ಎನ್ನುತ್ತಿತ್ತು. ಬಡತನದಿಂದ ಬೇರೆ ಗತಿಯಿಲ್ಲದೆ ತಗ್ಗಿನಲ್ಲಿ ವಾಸಿಸುವವರ ಮಾತು ಬೇರೆ. ಅವರಿಗೆ ಎತ್ತರದ ನೆಲವನ್ನು ಒದಗಿಸುವುದು ಸಮಾಜದ ಋಣ. ಬೇರೆಡೆ ಇರಬಲ್ಲವನು ನೋಟದ ಸೊಗಸಿಗಾಗಿ ಅಲ್ಲಿ ಹೋಗಿ ಕಟ್ಟಿ, ಪ್ರವಾಹವು ಬಂದಾಗ ಸರ್ಕಾರದ ಪರಿಹಾರಕ್ಕೆ ಆ ಬಡವರ ಸಾಲಿನಲ್ಲಿಯೇ ಕೈಯೊಡ್ಡುವುದಾದರೆ, ಅದು ಪರಸ್ವಹರಣವಲ್ಲದೆ ಮತ್ತೇನು?

ಕೆರೆಯ ವಿಷಯವು ಇನ್ನೂ ಸೂಕ್ಷ್ಮವಾದುದು. ಚನ್ನಗಿರಿ ತಾಲೂಕಿನ ಸೂಳೆಕೆರೆ, ಶಾಂತಿಸಾಗರವೆಂದೂ ಕರೆಯುವ ಆ ಜಲರಾಶಿ, ನಮ್ಮ ನಾಡಿನ ಹೆಮ್ಮೆ. ಎರಡು ಗುಡ್ಡಗಳ ನಡುವೆ ಸಾವಿರ ಅಡಿಗೂ ಕಡಿಮೆ ಉದ್ದದ ಏರಿಯನ್ನು ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಪೂರ್ವಿಕರು, ಸುಮಾರು 6,500 ಎಕರೆಗಳಷ್ಟು ನೆಲಕ್ಕೆ ನೀರನ್ನು ಹೊದಿಸಿದರು. ತೂಬುಗಳ ಕಡೆಯ ಕಾಲುವೆಗಳಿಗೆ ಸಿದ್ಧನ ಕಾಲುವೆ, ಬಸವನ ಕಾಲುವೆ ಎಂದು ಹೆಸರು. ಇದರ ಸ್ಥಳಕಥೆಯನ್ನು ಬಲ್ಲವರು ಬಹುಮಂದಿ. ಶಾಂತವ್ವೆಯೆಂಬ ರಾಜಕುಮಾರಿಯು ಕೆರೆಯನ್ನು ಕಟ್ಟಿಸಲು ಸಂಕಲ್ಪಿಸಿದಳು. ನೀರು ನಿಲ್ಲಬೇಕಾದ ನೆಲದಲ್ಲಿ ಸೂಳೆಯರ ಕೇರಿಯಿದ್ದಿತು. ಅವರು ತಮ್ಮ ನೆಲವನ್ನು ಬಿಟ್ಟುಕೊಡಲು ಒಪ್ಪಿ, ಕೆರೆಗೆ ತಮ್ಮ ಹೆಸರು ಉಳಿಯಬೇಕೆಂಬ ಒಂದೇ ಷರತ್ತನ್ನು ಹಾಕಿದರು. ಇದು ಇತಿಹಾಸವೋ ಐತಿಹ್ಯವೋ, ಕಥೆಯ ಧರ್ಮವಂತೂ ಸ್ಪಷ್ಟವಾಗಿದೆ. ಊರಿನವರು ಯಾರನ್ನು ಕೀಳೆಂದು ಬಗೆದಿದ್ದರೋ ಅವರು ನೀರಿಗಾಗಿ ಮನೆಯನ್ನು ಬಿಟ್ಟರು. ಇಂದು ಮೇಲೆಂದು ಬಗೆಯುವ ನಾವು ಮನೆಗಾಗಿ ನೀರಿನ ಜಾಗವನ್ನು ಹಿಡಿಯಹೊರಟಿದ್ದೇವೆ. ಆ ಹೆಸರನ್ನು ಉಚ್ಚರಿಸಲು ಸಂಕೋಚಪಡುವವರು ಇದನ್ನು ಯೋಚಿಸಬೇಕು.

ಆ ಕೆರೆಯಂಚಿನಲ್ಲಿ ಶಿಷ್ಯನಿಗೆ ತೋರಿಸಿದ ಜಾಗದ ಕಾಗದಪತ್ರಗಳನ್ನು ಕೇಳಿದಾಗ, "ಆಮೇಲೆ ಮಾಡಿಸಿಕೊಡೋಣ" ಎಂಬ ಉತ್ತರವು ಬಂದಿತು. ಕಾಗದವು ಆಮೇಲೆ ಹುಟ್ಟುವ ನೆಲವು ಮೊದಲು ಯಾರದಾಗಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಕೆರೆಗಳ ಸಂರಕ್ಷಣೆಗೆಂದು ನಮ್ಮ ರಾಜ್ಯವು ಮಾಡಿದ 2014ರ ಕಾಯಿದೆಯು ಕೆರೆಯ ಎಲ್ಲೆಯಿಂದ 30 ಮೀಟರುಗಳೊಳಗೆ ಕಟ್ಟಡವು ಕೂಡದೆಂದು ವಿಧಿಸಿತು. ಕಾಯಿದೆಯ ಅಳತೆಯನ್ನು ಕಾಲಕಾಲಕ್ಕೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಧರ್ಮದ ಅಳತೆಯು ಹಾಗಲ್ಲ. ಕೆರೆಯು ತುಂಬಿದ ವರ್ಷದಲ್ಲಿ ಅಲೆಯು ಮುಟ್ಟಿದ ಜಾಗವು ಕೆರೆಯದು. ಅದನ್ನು ತನ್ನದೆನ್ನುವವನು ಕೆಳಗಿನ ಗದ್ದೆ ತೋಟಗಳವರ ಪಾಲಿನ ನೀರನ್ನು ಅಷ್ಟರಮಟ್ಟಿಗೆ ಕದ್ದವನು. ಈ ಕಳವಿನಲ್ಲಿ ಯಾರ ಮನೆಯ ಬೀಗವೂ ಮುರಿಯುವುದಿಲ್ಲವಾದ ಕಾರಣ ಕದ್ದವನಿಗೂ ಕಳವೆಂದು ತೋರುವುದಿಲ್ಲ. ಎರಡನೆಯ ಅಳತೆಯು ಇದು: ನೀರಿನ ಬಳಿಗೆ ಹೋಗು, ನೀರಿನ ಜಾಗಕ್ಕೆ ಹೋಗಬೇಡ.

ಮೂರನೆಯದು ದಾಸೋಹದ ಅಳತೆ. ಒಂದು ದಡವನ್ನು ಕಾನೂನಿಗೆ ತಪ್ಪದೆ, ಪ್ರವಾಹಕ್ಕೆ ಸಿಕ್ಕದೆ ಕೊಂಡೆವೆನ್ನೋಣ. ಆಗಲಾದರೂ ಅದು ಪೂರ್ತಿಯಾಗಿ ನಮ್ಮದೇ? ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿಗೆ ಹೋದವರು ಅಲ್ಲಿನ ಪುಷ್ಕರಣಿಯನ್ನು ನೋಡಿರಬಹುದು. ಪಾಳೆಯಗಾರರ ಕಾಲದ ಆ ಹೊಂಡದ ನಡುವೆ ಮಂಟಪವಿದೆ. ಸುತ್ತಲೂ ನೀರಿನವರೆಗೆ ಇಳಿಯುವ ಮೆಟ್ಟಿಲುಗಳಿವೆ. ಕಟ್ಟಿಸಿದವನು ಒಡೆಯನೇ ಆದರೂ, ಮೆಟ್ಟಿಲೆಂಬುದು ಇಳಿಯುವವರಿಗಾಗಿಯೇ ಹುಟ್ಟಿದ್ದು. ನಮ್ಮ ಹಿರಿಯರು ನೀರಿನ ಅಂಚಿನಲ್ಲಿ ಕಲ್ಲು ಇಟ್ಟರೆ ಅದು ಸೋಪಾನವಾಗುತ್ತಿತ್ತು; ನಾವು ಇಟ್ಟರೆ ಅದು ಕಾಂಪೌಂಡು ಗೋಡೆಯಾಗುತ್ತದೆ. ದನಗಳು ನೀರಿಗಿಳಿಯುವ ದಾರಿ, ಹೆಂಗಸರು ಬಟ್ಟೆ ಒಗೆಯುವ ಬಂಡೆ, ಬೆಸ್ತರು ಬಲೆ ಒಣಗಿಸುವ ಮಳಲು, ಮದುವೆಯ ಮನೆಯವರು ಗಂಗೆಪೂಜೆಗೆ ಕೊಡ ಹಿಡಿದು ಬರುವ ಕಾಲುದಾರಿ, ಇವೆಲ್ಲವೂ ಒಬ್ಬನ ಹಜಾರದ ನೋಟಕ್ಕಾಗಿ ಮುಚ್ಚಿಹೋಗುವುದಾದರೆ, ಆ ನೋಟದಲ್ಲಿ ಕಾಣುವ ನೀರು ಪ್ರಸಾದವಾಗದು.

ಮತ್ತೊಂದು ಮಾತು. ದಡದ ಮನೆಯ ಹಿತ್ತಿಲಿನ ಕೊಳಕು ಎಲ್ಲಿಗೆ ಹೋಗುವುದು? ಮೇಲಿನವನು ಬಿಟ್ಟ ನೀರನ್ನು ಕೆಳಗಿನವನು ಕುಡಿಯುತ್ತಾನೆ. ಹೊನ್ನಾಳಿಯ ಮುಂದೆ ಹರಿದ ಹೊಳೆಯೇ ಹರಿಹರಕ್ಕೆ ಬರುವುದು. ಸೂಳೆಕೆರೆಯಿಂದ ಹೊರಟ ಹರಿದ್ರೆಯೂ ಅಲ್ಲಿಯೇ ತುಂಗಭದ್ರೆಯನ್ನು ಕೂಡುವುದು. ಪಾದೋದಕವನ್ನು ಎರಡು ಕೈಯೊಡ್ಡಿ ಕಣ್ಣಿಗೊತ್ತಿಕೊಂಡು ಸ್ವೀಕರಿಸುವ ನಾವು, ಅದೇ ನೀರಿಗೆ ಬಚ್ಚಲಿನ ಕೊಳವೆಯನ್ನು ತಿರುಗಿಸಬಹುದೇ? ಮೂರನೆಯ ಅಳತೆಯು ಇದು: ದಡದಲ್ಲಿ ವಾಸಿಸುವವನು ದಾರಿಯನ್ನು ತೆರೆದಿಡಬೇಕು, ಕೊಳಕನ್ನು ತಡೆದಿಡಬೇಕು.

ಈ ಮೂರು ಅಳತೆಗಳನ್ನೂ ಹೇಳಿ ಮುಗಿಸಿದ ಮೇಲೆಯೂ ಜಗಳೂರು ಉಳಿಯುತ್ತದೆ. ಮಳೆ ಕಡಿಮೆಯಾದ ಆ ಸೀಮೆಯ ಜನರಿಗೆ ಜಲತೀರದ ಮನೆಯೆಂಬ ಮಾತೇ ವಿನೋದವಾಗಿ ತೋರೀತು. ಒಂದೇ ಜಿಲ್ಲೆಯಲ್ಲಿ ಒಬ್ಬನು ನೀರು ಎಷ್ಟು ಚೆಲುವಾಗಿ ಕಾಣುವುದೆಂದು ವಿಚಾರಿಸುವಾಗ, ಇನ್ನೊಬ್ಬಳು ನೀರು ಎಷ್ಟು ಭಾರವಾಗಿರುವುದೆಂದು ಬಲ್ಲಳು. ಈ ಅಂತರವನ್ನು ಕಡಿಮೆ ಮಾಡುವುದೇ ನಿಜವಾದ ದಾಸೋಹ. ತುಂಗಭದ್ರೆಯ ನೀರನ್ನು ಹರಿಹರದ ಕಡೆಯಿಂದ ಯಂತ್ರದಿಂದ ಎತ್ತಿ, ಕೊಳವೆಗಳಲ್ಲಿ ಹಾಯಿಸಿ, ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಗಾಗಿ ಸಿರಿಗೆರೆಯ ತರಳಬಾಳು ಜಗದ್ಗುರುಗಳವರು ಶ್ರಮಿಸಿದುದನ್ನು ವಾಚಕರು ಬಲ್ಲರು. ದಡಕ್ಕೆ ಮನೆಯನ್ನು ಒಯ್ಯಲಾರದ ಸಾವಿರಾರು ಜನರ ಬಳಿಗೆ ದಡವನ್ನೇ ಒಯ್ಯುವ ಕಾರ್ಯವಿದು. ಒಬ್ಬ ಗೃಹಸ್ಥನ ಹಾರೈಕೆಯು ಎಲ್ಲರ ಹಾರೈಕೆಯಾದಾಗ ಅದು ಆಶೆಯ ಹೆಸರನ್ನು ಕಳಚಿ ದಾಸೋಹದ ಹೆಸರನ್ನು ಧರಿಸುವುದು.

ಇನ್ನು ನನ್ನ ಶಿಷ್ಯನ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಈ ಅಳತೆಗಳನ್ನು ಹಿಡಿದು ನೋಡಿದಾಗ ಹೊನ್ನಾಳಿಯ ನಿವೇಶನವೂ ಬಿದ್ದುಹೋಯಿತು, ಸೂಳೆಕೆರೆಯ ಜಾಗವೂ ಬಿದ್ದುಹೋಯಿತು. ತಾಯಿಯ ಬಯಕೆ ಮಾತ್ರ ಉಳಿಯಿತು. ಕಡೆಗೆ ಅವನು ಹರಿಹರದಲ್ಲಿ, ಹೊಳೆಗೆ ದೂರವೂ ಅಲ್ಲದ ಹತ್ತಿರವೂ ಅಲ್ಲದ ಎತ್ತರದ ಬೀದಿಯಲ್ಲಿ, ಒಂದು ಹಳೆಯ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದನು. ಅಲ್ಲಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರು. ಕಚೇರಿಗೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುವುದು. ಬೆಳಗಿನ ಲಿಂಗಪೂಜೆಯು ಮೊಟಕಾಗುವುದಿಲ್ಲ. ಸಂಜೆ ಮಗುವಿನ ಪಾಠಕ್ಕೆ ತಂದೆಯು ಸಿಗುವನು. ಮನೆಯ ಯಾವ ಕಿಟಕಿಯಿಂದಲೂ ಹೊಳೆಯು ಕಾಣದು. ಈ ಕೊರತೆಯನ್ನು ಅವನು ನನ್ನೊಡನೆ ಹೇಳಿಕೊಂಡು ನೊಂದನು. ಅವನ ನೋವು ಸುಳ್ಳಲ್ಲ. ದಡದ ಮೇಲೆಯೇ ತಾಯಿಯನ್ನು ಕೂರಿಸುವೆನೆಂದು ಅವನು ಮಾತು ಕೊಟ್ಟಿದ್ದನು. ಕೊಟ್ಟ ಮಾತು ಅರ್ಧ ನಡೆಯಿತು. ಧರ್ಮದ ಅಳತೆಯನ್ನು ಹಿಡಿದವನಿಗೆ ಬಯಸಿದ್ದೆಲ್ಲವೂ ಕೈಗೂಡುವುದೆಂದು ನಾನು ಯಾರಿಗೂ ಹೇಳಲಾರೆನು.

ಹೋದ ಕಾರ್ತಿಕದಲ್ಲಿ ಹರಿಹರಕ್ಕೆ ಹೋದಾಗ ಆ ತಾಯಿಯನ್ನು ಕಾಣಲು ಮನೆಗೆ ಹೋದೆನು. ಮನೆಯಲ್ಲಿರಲಿಲ್ಲ. ಸೊಸೆಯು ಹೊಳೆಯ ಕಡೆಗೆ ಕೈತೋರಿದಳು. ಸಂಜೆಯ ಬಿಸಿಲಿನಲ್ಲಿ, ಮೆಟ್ಟಿಲುಗಳ ಮೇಲೆ, ಹತ್ತಾರು ಹೆಂಗಸರ ನಡುವೆ ಅವಳೂ ಕುಳಿತಿದ್ದಳು. ಯಾರೋ ಬಟ್ಟೆ ಹಿಂಡುತ್ತಿದ್ದರು. ಯಾರದೋ ಮಗುವು ಅವಳ ತೊಡೆಯ ಮೇಲಿತ್ತು. ನನ್ನನ್ನು ಕಂಡು ಏಳಲು ಹೋದವಳನ್ನು ತಡೆದು, "ಮನೆಯಿಂದ ಹೊಳೆ ಕಾಣುವುದಿಲ್ಲವೆಂದು ಮಗನಿಗೆ ಬೇಜಾರಿದೆಯಲ್ಲ ತಾಯೀ?" ಎಂದು ಕೇಳಿದೆನು.

"ಅವನೊಬ್ಬ" ಎಂದು ನಕ್ಕಳು. "ಮನೆಯಾಗೆ ಕುಂತು ಒಬ್ಬಳೇ ಏನ್ ನೋಡ್ಲಿ? ಇಲ್ಲಾದ್ರೆ ಎಲ್ಲಾರೂ ಇರ್ತಾರೆ." ಆಮೇಲೆ ಹರಿಯುವ ನೀರಿನ ಕಡೆಗೆ ಗಲ್ಲವನ್ನೆತ್ತಿ, "ನಮ್ಮೂರ ಕಡೀಗೂ ಇದೇ ನೀರು ಹೋಗೋದಂತೆ, ಹೌದಾ ಮೇಷ್ಟ್ರೇ?" ಎಂದು ಕೇಳಿದಳು.

ಹೌದೆಂದೆನು. ಅವಳು ಮತ್ತೇನನ್ನೂ ಕೇಳಲಿಲ್ಲ. ಕೊಡವಿಲ್ಲದ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಾನೂ ಒಂದು ಮೆಟ್ಟಿಲು ಕೆಳಗೆ ಕುಳಿತೆನು.